ಕರೆ ಮತ್ತು ಕಾಯಕ: ಕನ್ನಡದ ಕ್ರೈಸ್ತ ಬರಹಗಾರರನ್ನು ಓದುವ ಬಗೆ

'ದೇವರು ನನ್ನನ್ನು ಯಾವ ಕೆಲಸಕ್ಕಾಗಿ ಕರೆದಿದ್ದಾನೆ?' ಎಂಬ ಪ್ರಶ್ನೆ ಕ್ರೈಸ್ತ ಮನೆಗಳಲ್ಲಿ ಹೊಸದಲ್ಲ. ಮಗ ಹತ್ತನೆಯ ತರಗತಿ ಮುಗಿಸಿದಾಗ, ಮಗಳು ಕಾಲೇಜಿನ ಹೊಸ್ತಿಲಲ್ಲಿ ನಿಂತಾಗ, ಆರಾಧನೆಯ ಕೊನೆಯಲ್ಲಿ ಪಾದ್ರಿಗಳು ಯುವಜನರಿಗಾಗಿ ಪ್ರಾರ್ಥಿಸುವಾಗ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ವೈದ್ಯನಾಗುವವನಿಗೂ ಶಿಕ್ಷಕಿಯಾಗುವವಳಿಗೂ ಉತ್ತರ ಅಷ್ಟು ಕಷ್ಟವಲ್ಲ. ಆದರೆ ಪದ್ಯ ಬರೆಯಬಲ್ಲವನು, ಕತೆ ಹೇಳಬಲ್ಲವಳು, ಹಾಡು ಕಟ್ಟಬಲ್ಲವನು ಕೇಳಿದಾಗ ಮಾತ್ರ ಉತ್ತರ ತೊಡರುತ್ತದೆ. ಸಭೆಯ ಹಿರಿಯರು 'ಇದರಿಂದ ಸುವಾರ್ತೆಗೆ ಏನು ಪ್ರಯೋಜನ?' ಎನ್ನುತ್ತಾರೆ. ಸಾಹಿತ್ಯಲೋಕದ ಹಿರಿಯರು 'ಸಾಹಿತ್ಯದಲ್ಲಿ ಮತಕ್ಕೇನು ಕೆಲಸ?' ಎನ್ನುತ್ತಾರೆ. ಎರಡು ಪ್ರಶ್ನೆಗಳ ನಡುವೆ ಸಿಕ್ಕ ಎಳೆಯ ಮನಸ್ಸು ಬಹಳ ಸಲ ಬರೆಯುವುದನ್ನೇ ಬಿಟ್ಟುಬಿಡುತ್ತದೆ.

ಈ ಎರಡು ಪ್ರಶ್ನೆಗಳ ನಡುವೆಯೇ ನಿಂತು ಬರೆದವರು ಕನ್ನಡದಲ್ಲಿ ಇದ್ದಾರೆ. ಅವರನ್ನು ನಾವು ಮರೆತಿಲ್ಲ, ಆದರೆ ಸರಿಯಾಗಿ ಓದಿಯೂ ಇಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ 'ಮಿಷನರಿಗಳ ಕನ್ನಡ ಸೇವೆ' ಎಂಬ ಒಂದು ಅಧ್ಯಾಯವಿರುತ್ತದೆ. ಅಲ್ಲಿ ನಿಘಂಟು, ವ್ಯಾಕರಣ, ಪತ್ರಿಕೆ, ಮುದ್ರಣಾಲಯಗಳ ಪಟ್ಟಿಯಿರುತ್ತದೆ. ಪಟ್ಟಿಯ ಕೊನೆಗೆ ಒಂದು ಹಾರ. ಆ ಕೆಲಸವನ್ನು ಮಾಡಿಸಿದ ನಂಬಿಕೆಯ ಮಾತು ಅಲ್ಲಿ ಬರುವುದಿಲ್ಲ. ಸಭೆಗಳ ಚರಿತ್ರೆಗಳನ್ನು ತೆರೆದರೆ ಇದಕ್ಕೆ ತದ್ವಿರುದ್ಧ: ಅಲ್ಲಿ ಸಾಹಿತ್ಯವು ಸುವಾರ್ತೆಯ ಉಪಕರಣ, ಬರಹಗಾರನು ಮೊದಲು ಬೋಧಕ, ಬಿಡುವಿನಲ್ಲಿ ಬರಹಗಾರ. ಒಂದು ಓದು ಮನುಷ್ಯನ ನಂಬಿಕೆಯನ್ನು ಬಿಟ್ಟುಬಿಡುತ್ತದೆ, ಇನ್ನೊಂದು ಅವನ ಬರಹವನ್ನು. ಆದರೆ ಬದುಕಿದ ಮನುಷ್ಯ ಒಬ್ಬನೇ. ಅವನು ಎರಡು ಬಾಳು ಬಾಳಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಕನ್ನಡದಲ್ಲಿ ಉಳಿದು ನಿಂತ ಕ್ರೈಸ್ತ ಬರಹಗಾರರು ತಮ್ಮ ಕರೆಯನ್ನು ಸಿದ್ಧವಾಗಿ ಪಡೆದವರಲ್ಲ. ಕೆಲಸ ಮಾಡುತ್ತ ಮಾಡುತ್ತ ಅದನ್ನು ಗುರುತಿಸಿದವರು. ತಮಗೆ ಬಾರದ ಕೆಲಸ ಯಾವುದೆಂದು ಅರಿತ ಮೇಲೆಯೇ ತಮ್ಮ ಕೆಲಸವನ್ನು ಕಂಡುಕೊಂಡವರೂ ಅವರಲ್ಲಿ ಇದ್ದಾರೆ. ಹಾಗೆ ಕಂಡುಕೊಂಡ ಕೆಲಸ ಅವರ ಮತದ ಗಡಿಯನ್ನು ದಾಟಿ ಎಲ್ಲರ ಕೈಗೂ ಬಂದಿದೆ.

ಮೊದಲು 'ಕರೆ' ಎಂಬ ಮಾತನ್ನೇ ನೋಡೋಣ. ಕನ್ನಡದಲ್ಲಿ ಕರೆ ಎಂದರೆ ಕೂಗು, ಆಹ್ವಾನ. ಅದೇ ಮಾತಿಗೆ ದಡ, ಅಂಚು ಎಂಬ ಅರ್ಥವೂ ಉಂಟು. ಸೀರೆಯ ಅಂಚನ್ನು ಸೀರೆಯ ಕರೆ ಎನ್ನುತ್ತೇವೆ. ಅಂಚಿನಲ್ಲಿ ವಾಸಿಸುವ ನಮಗೆ ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಕೂಡಿರುವುದು ಆಪ್ತವೆನಿಸಬೇಕು. ಜರ್ಮನಿಯ ಮಾರ್ಟಿನ್ ಲೂಥರ್ 16ನೆಯ ಶತಮಾನದಲ್ಲಿ 'ಬೆರೂಫ್' ಎಂಬ ಮಾತಿಗೆ ಹೊಸ ತೂಕ ಕೊಟ್ಟರು. ಅದುವರೆಗೆ ದೇವರ ಕರೆ ಎಂದರೆ ಮಠಕ್ಕೋ ಪೌರೋಹಿತ್ಯಕ್ಕೋ ಬಂದ ಕರೆ. ಚಮ್ಮಾರನ ಕೆಲಸವೂ ಮನೆವಾರ್ತೆಯೂ ದೇವರ ಕರೆಯೇ ಎಂದು ಲೂಥರ್ ಕಲಿಸಿದರು. ಇದಕ್ಕೆ ಸುಮಾರು ನಾಲ್ಕು ಶತಮಾನಗಳ ಮೊದಲೇ ಕಲ್ಯಾಣದ ಶರಣರು ಕಾಯಕವೆಂಬ ಮಾತಿನಲ್ಲಿ ಇದಕ್ಕೆ ಹತ್ತಿರದ ಅರಿವನ್ನು ತಂದಿದ್ದರು. ಎರಡೂ ಒಂದೇ ಎನ್ನಲಾಗದು. ಲೂಥರ್ ಹೇಳಿದ ಕರೆಯಲ್ಲಿ ಕರೆಯುವವನು ಮುಖ್ಯ. ಶರಣರ ಕಾಯಕದಲ್ಲಿ ದುಡಿಮೆಯ ಶುದ್ಧಿ, ಅದರ ಫಲವನ್ನು ಹಂಚುವ ದಾಸೋಹ ಮುಖ್ಯ. ಆದರೂ ಕನ್ನಡದ ಕಿವಿಗೆ ಕ್ರೈಸ್ತರ ಕರೆ ತೀರ ಹೊರಗಿನ ದನಿಯಾಗಿ ಕೇಳದಿರುವುದಕ್ಕೆ ಈ ಹತ್ತಿರದ ನಂಟು ಒಂದು ಕಾರಣ.

ಬೈಬಲಿನಲ್ಲಿ ಈ ವಿಷಯಕ್ಕೆ ಒದಗುವ ಎರಡು ಪ್ರಸಂಗಗಳಿವೆ. ಒಂದು, ವಿಮೋಚನಕಾಂಡದ ಬೆಚಲೇಲನದು. ದೇವರ ಆತ್ಮದಿಂದ ತುಂಬಿದವನೆಂದು ಬೈಬಲು ಹೆಸರಿಸಿ ಹೇಳುವ ಮೊದಲಿಗರಲ್ಲಿ ಅವನೊಬ್ಬ. ಅವನು ಪ್ರವಾದಿಯಲ್ಲ, ಅರಸನಲ್ಲ. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರಗಳಲ್ಲಿ ಕೆಲಸ ಮಾಡುವ ಕುಶಲಕರ್ಮಿ. ಅವನಿಗೆ ಇತರರಿಗೆ ಕಲಿಸುವ ಶಕ್ತಿಯೂ ಕೊಡಲ್ಪಟ್ಟಿತೆಂದು ಅಲ್ಲಿ ಹೇಳಿದೆ. ಎರಡನೆಯದು ಮತ್ತಾಯನ ಸುವಾರ್ತೆಯ ತಲಾಂತುಗಳ ಸಾಮ್ಯ. ದಣಿಯೊಬ್ಬ ಪರದೇಶಕ್ಕೆ ಹೋಗುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತುಗಳನ್ನು ಒಪ್ಪಿಸುತ್ತಾನೆ. ಇಬ್ಬರು ವ್ಯಾಪಾರ ಮಾಡಿ ಇಮ್ಮಡಿಸುತ್ತಾರೆ, ಮೂರನೆಯವನು ಹೆದರಿ ನೆಲದಲ್ಲಿ ಹೂಳುತ್ತಾನೆ. ಉಪದೇಶಗಳಲ್ಲಿ ಎಷ್ಟೋ ಸಲ ಕೇಳಿದ ಈ ಕತೆಯಲ್ಲಿ ಒಂದು ಸಂಗತಿ ನಮ್ಮ ಗಮನಕ್ಕೆ ಬರುವುದು ಕಡಿಮೆ: ಯಾವ ವ್ಯಾಪಾರ ಮಾಡಬೇಕೆಂದು ದಣಿ ಯಾರಿಗೂ ಹೇಳುವುದಿಲ್ಲ. ಕೊಡುವುದು ಅವನದು, ಏನು ಮಾಡಬೇಕೆಂದು ಕಂಡುಕೊಳ್ಳುವುದು ಆಳಿನದು. ಕರೆಯೆಂದರೆ ಬರೆದಿಟ್ಟ ಆಜ್ಞೆಯೆಂದು ಕಾಯುತ್ತ ಕುಳಿತವರಿಗೆ ಈ ಕತೆ ಎಚ್ಚರಿಕೆಯಾಗಿದೆ.

ಈ ಅರಿವು ನಮ್ಮ ಬೆಟ್ಟದ ಜನಕ್ಕೂ ಪರಿಚಿತವೇ. ತಾಳವಾಡಿ, ಚಾಮರಾಜನಗರ, ಕೊಳ್ಳೇಗಾಲದ ಸೀಮೆಯಲ್ಲಿ ಮಲೆ ಮಹದೇಶ್ವರನಿಗೆ ಹರಕೆ ಹೊತ್ತು ಮಗನನ್ನು ದೇವರಗುಡ್ಡನಾಗಿ ಬಿಡುವ ಮನೆಗಳುಂಟು. ಮಂಟೇಸ್ವಾಮಿಯ ಒಕ್ಕಲಿನ ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಗುರುವಿನಿಂದ ದೀಕ್ಷೆ, ಕೈಗೆ ಕಂಸಾಳೆ, ಹೆಗಲಿಗೆ ಜೋಳಿಗೆ. ಆದರೆ ದೀಕ್ಷೆಯಾದ ಮಾತ್ರಕ್ಕೆ ಇಡೀ ರಾತ್ರಿ ಜನರನ್ನು ಕೂರಿಸಿ ಕಾವ್ಯ ಹಾಡುವ ಶಕ್ತಿ ಬಂದುಬಿಡುವುದಿಲ್ಲ. ಅದು ವರ್ಷಗಟ್ಟಲೆ ಹಿಮ್ಮೇಳದಲ್ಲಿ ನಿಂತು ಬರಬೇಕು. ಹರಕೆ ಮನೆಯವರದು, ದೀಕ್ಷೆ ಗುರುವಿನದು. ಹಾಡು ಮಾತ್ರ ಹಾಡಿದವನಲ್ಲಿ ಕಾಣಬೇಕು. ಕಳುಹಿಸಲ್ಪಡುವುದು ಬೇರೆ, ಕಂಡುಕೊಳ್ಳುವುದು ಬೇರೆ ಎಂಬ ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಬರಹಗಾರರ ಬಾಳನ್ನು ಓದಬೇಕು.

ನಮ್ಮ ಬೆಟ್ಟಗಳ ಪಕ್ಕದಿಂದಲೇ ಆರಂಭಿಸೋಣ. ಮೋಯಾರ್ ಕಣಿವೆಯ ಆಚೆಗಿರುವ ನೀಲಗಿರಿಯ ಕೇತಿಯಲ್ಲಿ 1846ರಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು. ಬಡಗರ ನಡುವೆ ಕೆಲಸಕ್ಕೆ ನಿಂತವರಲ್ಲಿ ವೈಗ್ಲೆ ಒಬ್ಬರು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಅವರ ದುಡಿಮೆ ದೊಡ್ಡದು. ಅದಕ್ಕೆ ಮೂರು ವರ್ಷ ಮೊದಲು, 1843ರಲ್ಲಿ, ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದರು. ಹಳಗನ್ನಡ, ನಡುಗನ್ನಡದ ಕಾವ್ಯಗಳನ್ನು ಅಚ್ಚಿಗೆ ತರುವ ಮಾಲೆಯನ್ನೂ ಅವರು ನಡೆಸಿದರು. ಇವರೆಲ್ಲ ಬಂದದ್ದು ಮತಬೋಧನೆಗೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ, ಅವರೂ ಮುಚ್ಚಿಡಲಿಲ್ಲ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಬೋಧಿಸಲು ಬಂದವರು ಕಲಿಯಲು ಕುಳಿತದ್ದು ಹೇಗೆ?

ಈ ಪ್ರಶ್ನೆಗೆ ಅತ್ಯಂತ ಪೂರ್ಣವಾದ ಉತ್ತರ ಫರ್ಡಿನೆಂಡ್ ಕಿಟ್ಟೆಲ್ ಅವರ ಬಾಳಿನಲ್ಲಿದೆ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಕಿಟ್ಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದರು. ಬೋಧಕನಾಗಿ ಅವರನ್ನು ಕಳುಹಿಸಲಾಗಿತ್ತು. 1862ರಲ್ಲಿ ಅವರು 'ಕಥಾಮಾಲೆ'ಯನ್ನು ಪ್ರಕಟಿಸಿದರು. ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ ಅದು. ಕನ್ನಡಿಗರಿಗೆ ಕ್ರಿಸ್ತನ ಕತೆ ಹೇಳಬೇಕಾದರೆ ಕನ್ನಡಿಗರು ಕತೆ ಕೇಳುವ ರೀತಿಯಲ್ಲಿಯೇ ಹೇಳಬೇಕು ಎಂಬ ತಿಳಿವು ಅದರ ಹಿಂದೆ ಇದೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಆದರೆ ವಿಮರ್ಶೆ ಸೌಜನ್ಯಕ್ಕಾಗಿ ಸುಳ್ಳು ಹೇಳಬಾರದು. 'ಕಥಾಮಾಲೆ'ಯನ್ನು ಇಂದು ನಾವು ನೆನೆಯುವುದು ಅದರ ಕರ್ತೃವಿಗಾಗಿ, ಅದರ ಉದ್ದೇಶಕ್ಕಾಗಿ. ಕಾವ್ಯವಾಗಿ ಅದು ಕನ್ನಡಿಗರ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಕೃತಿಯನ್ನಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕ್ರಿಸ್ತನ ಕೊನೆಯ ದಿನವನ್ನು ಕುರಿತು ಕನ್ನಡದಲ್ಲಿ ಬಂದ ಮಹತ್ವದ ಖಂಡಕಾವ್ಯ 'ಗೊಲ್ಗೊಥಾ'. ಅದನ್ನು ಬರೆದವರು ಮಂಜೇಶ್ವರದ ಗೋವಿಂದ ಪೈ, ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನಗಳನ್ನು ಕುರಿತು ಅವರೇ 'ವೈಶಾಖಿ'ಯನ್ನೂ ಬರೆದರು. ಶಿಲುಬೆಯ ನೋವನ್ನು ಕನ್ನಡ ಕಾವ್ಯದ ಒಳಕ್ಕೆ ತಂದ ಕೆಲಸ ದೀಕ್ಷಾಸ್ನಾನ ಪಡೆದವನಿಗೆ ಒದಗದೆ ಮಂಜೇಶ್ವರದ ಈ ಬ್ರಾಹ್ಮಣ ಕವಿಗೆ ಒದಗಿತು. ನಂಬಿಕೆ ಕವಿತ್ವವನ್ನು ಕೊಡುವುದಿಲ್ಲ. ಕವಿತ್ವ ನಂಬಿಕೆಯ ಊರನ್ನು ಕೇಳಿ ಬರುವುದಿಲ್ಲ. ಇದು ಕ್ರೈಸ್ತ ಓದುಗನಿಗೆ ಅವಮಾನವಲ್ಲ. ದೇವರು ತನ್ನ ವರಗಳನ್ನು ಸಭೆಯ ಪಟ್ಟಿ ನೋಡಿ ಹಂಚುವುದಿಲ್ಲವೆಂದು ನಂಬಿದವನಿಗೆ ಇದು ಸಂತೋಷದ ಸಂಗತಿಯೇ ಆಗಬೇಕು.

ಹಾಗಾದರೆ ಕಿಟ್ಟೆಲ್ ಸೋತರೇ? ಇಲ್ಲ. ಅವರ ಮುಂದಿನ ಕೃತಿಗಳನ್ನು ಕ್ರಮವಾಗಿ ನೋಡಿದರೆ ಒಬ್ಬ ಮನುಷ್ಯ ತನ್ನ ಕರೆಯ ಕಡೆಗೆ ನಡೆದುಹೋಗುವುದು ಕಣ್ಣಿಗೆ ಕಾಣುತ್ತದೆ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ದ ಸಂಪಾದನೆ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯ ಸಂಪಾದನೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು. ತೀರಿಕೊಂಡ ವರ್ಷವಾದ 1903ರಲ್ಲಿ ಕನ್ನಡ ವ್ಯಾಕರಣ. ಪದ್ಯ ಬರೆಯಹೊರಟವನು ಛಂದಸ್ಸನ್ನು ಕಲಿಯಬೇಕಾಯಿತು. ಛಂದಸ್ಸನ್ನು ಕಲಿಯಹೊರಟವನು ಹಳಗನ್ನಡಕ್ಕೆ ಇಳಿಯಬೇಕಾಯಿತು. ಹಳಗನ್ನಡಕ್ಕೆ ಇಳಿದವನಿಗೆ ಪದಗಳ ಕಡಲು ಎದುರಾಯಿತು. 'ಕಥಾಮಾಲೆ' ವ್ಯರ್ಥವಾಗಲಿಲ್ಲ, ಅದು ನಿಘಂಟಿನ ಬಾಗಿಲಾಯಿತು ಎಂದು ನನಗೆ ತೋರುತ್ತದೆ.

ಆ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟಗಳಿವೆ, ಸುಮಾರು 70,000 ಪದಗಳಿವೆ. ಆದರೆ ಅದರ ಹಿರಿಮೆ ಸಂಖ್ಯೆಯಲ್ಲಿಲ್ಲ. ಒಂದು ಪದವನ್ನು ತೆರೆದರೆ ಅದರ ಅರ್ಥಗಳ ಜೊತೆಗೆ ತಮಿಳು, ತೆಲುಗು, ಮಲಯಾಳ, ತುಳು ಮೊದಲಾದ ಸೋದರ ನುಡಿಗಳ ಸಮಾನ ಪದಗಳು ಬರುತ್ತವೆ. ಕವಿಗಳ ಪ್ರಯೋಗವೂ ಬರುತ್ತದೆ, ಹಳ್ಳಿಯ ಗಾದೆಯೂ ಬರುತ್ತದೆ. ಪಂಡಿತನ ಮಾತಿಗೂ ಒಕ್ಕಲಿಗನ ಮಾತಿಗೂ ಒಂದೇ ಪುಟದಲ್ಲಿ ಮಣೆ ಹಾಕುವ ಈ ಕ್ರಮ ಬರಿಯ ಪಾಂಡಿತ್ಯದಿಂದ ಬರುವಂಥದಲ್ಲ. ಯಾವ ಮಾತೂ ಕೀಳಲ್ಲವೆಂಬ ಒಂದು ಗೌರವ ಅದರ ಅಡಿಯಲ್ಲಿದೆ. ಇದನ್ನು ಕಿಟ್ಟೆಲ್ ಎಲ್ಲಿಂದ ಪಡೆದರೆಂದು ಕೇಳಿದರೆ, ಅವರ ನಂಬಿಕೆಯನ್ನು ಬಿಟ್ಟು ಉತ್ತರ ಹೇಳುವುದು ಕಷ್ಟ.

ಈ ಒಲವು ಮಿಷನ್ನಿನ ಒಳಗೆ ಎಲ್ಲರಿಗೂ ಮೆಚ್ಚುಗೆಯಾಗಿರಲಿಲ್ಲ. ಬೋಧಕನೊಬ್ಬ ಪದಗಳನ್ನು ಅಗೆಯುತ್ತ ವರ್ಷಗಳನ್ನು ಕಳೆಯುವುದು ಕರೆಯೇ, ಕರೆಯಿಂದ ತಪ್ಪಿಸಿಕೊಳ್ಳುವುದೇ? ಆ ಕಾಲದ ಈ ಸಂಶಯವನ್ನು ನಾವು ಹಗುರಾಗಿ ಕಾಣಬಾರದು. ಇಂದಿಗೂ ಸಭೆಗಳಲ್ಲಿ ಬರಹಗಾರನ ಬೆನ್ನ ಹಿಂದೆ ಕೇಳುವ ಪ್ರಶ್ನೆ ಇದೇ. ಇನ್ನೊಂದು ಕಡೆ, ಕಿಟ್ಟೆಲ್ ಅವರು ಈ ನಾಡಿನ ದೇವರು ಆಚಾರಗಳನ್ನು ಕುರಿತು ಬರೆದದ್ದೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಕಾಲದ ಮತ್ತು ಮತದ ಮಿತಿ ಅವರಿಗೂ ಇತ್ತು. ಆದರೆ ನಿಘಂಟಿನ ಮುಂದೆ ಕುಳಿತಾಗ ಆ ಮಿತಿಯನ್ನು ಅವರ ಶ್ರದ್ಧೆ ಮೀರಿತು. ಮನುಷ್ಯನ ಅಭಿಪ್ರಾಯಕ್ಕಿಂತ ಅವನ ಕೆಲಸ ದೊಡ್ಡದಾಗುವ ಇಂಥ ಎಡೆಯಲ್ಲಿಯೇ ಕರೆಯ ಗುರುತು ಕಾಣುವುದು.

ಕಿಟ್ಟೆಲ್ ಹೊರಗಿನಿಂದ ಬಂದವರು. ಒಳಗಿನಿಂದಲೇ ಎದ್ದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮನೆತನದ ಮೂಲ ಬಳ್ಳಾರಿ ಸೀಮೆಯ ಉತ್ತಂಗಿ ಗ್ರಾಮ. ಲಿಂಗಾಯತ ಮೂಲದಿಂದ ಕ್ರೈಸ್ತಮತಕ್ಕೆ ಬಂದ ಕುಟುಂಬ ಅದು. ಅವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ಕೆಲಸ ಮಾಡಿದರು. 1921ರಲ್ಲಿ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕ ಬರೆದರು. ಆ ಹೆಸರಿನಲ್ಲಿಯೇ ಒಂದು ನಿಲುವಿದೆ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಅಂದಿನ ಮತಪ್ರಚಾರದ ಬರಹಗಳ ಗಡಸು ದನಿಯನ್ನು ಬಲ್ಲವರಿಗೆ ಆ ಒಂದು ಮಾತಿನ ಬೆಲೆ ತಿಳಿಯುತ್ತದೆ.

ಆದರೆ ಉತ್ತಂಗಿಯವರು ಕನ್ನಡದಲ್ಲಿ ಬಾಳುವುದು ಆ ಪುಸ್ತಕದಿಂದಲ್ಲ. 1924ರಲ್ಲಿ ಹೊರಬಂದ 'ಸರ್ವಜ್ಞನ ವಚನಗಳು' ಎಂಬ ಸಂಕಲನದಿಂದ. ಜನರ ಬಾಯಲ್ಲಿ, ಓಲೆಗರಿಗಳಲ್ಲಿ, ಹಳೆಯ ಕಡತಗಳಲ್ಲಿ ಚದುರಿಹೋಗಿದ್ದ ತ್ರಿಪದಿಗಳನ್ನು ಕೂಡಿಸಿ, ಸುಮಾರು 2000 ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿ ಅವರು ಅಚ್ಚಿಗೆ ಕೊಟ್ಟರು. ಇಲ್ಲಿಯೂ ವಿಮರ್ಶೆಯ ಮಾತೊಂದನ್ನು ಹೇಳಲೇಬೇಕು. ಬಾಯಿಂದ ಬಾಯಿಗೆ ಬಂದ ಸಾಹಿತ್ಯದಲ್ಲಿ ಯಾವುದು ಸರ್ವಜ್ಞನದು, ಯಾವುದು ಅವನ ಹೆಸರಿನಲ್ಲಿ ಜನ ಕಟ್ಟಿದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. ಉತ್ತಂಗಿಯವರ ಸಂಗ್ರಹದಲ್ಲಿ ಎರಡೂ ಬೆರೆತಿರಬಹುದು. ಆದರೆ ಜರಡಿ ಹಿಡಿಯಬೇಕಾದರೂ ಮೊದಲು ಕಾಳು ರಾಶಿಯಾಗಬೇಕು. ರಾಶಿ ಮಾಡಿದ ಪುಣ್ಯ ಅವರದು.

ಪಾದ್ರಿಯೊಬ್ಬನಿಗೆ ಸರ್ವಜ್ಞ ಏಕೆ ಬೇಕಾದ? ಜಾತಿಯ ಹಮ್ಮನ್ನು, ಡಾಂಭಿಕ ಭಕ್ತಿಯನ್ನು, ಜಿಪುಣತನವನ್ನು ಮೂರು ಸಾಲಿನಲ್ಲಿ ಕುಟ್ಟುವ ಆ ತಿರುಕನಲ್ಲಿ ಉತ್ತಂಗಿಯವರು ಒಬ್ಬ ಪ್ರವಾದಿಯ ದನಿಯನ್ನು ಕೇಳಿರಬೇಕು. ಹಳೆಯ ಒಡಂಬಡಿಕೆಯ ಆಮೋಸನೂ ಕುರುಬನೇ, ದೇಗುಲದ ಸಂಬಳ ತಿನ್ನದವನೇ. ತನ್ನ ನಂಬಿಕೆಯನ್ನು ಬಿಟ್ಟುಕೊಡದೆ ಇನ್ನೊಂದು ಪರಂಪರೆಯ ಸತ್ಯಕ್ಕೆ ತಲೆಬಾಗುವುದು ಹೇಗೆಂಬುದನ್ನು ಉತ್ತಂಗಿಯವರ ಬಾಳು ಕಲಿಸುತ್ತದೆ. ಅಲ್ಲಿಂದ ಅವರು ಶರಣರ ಕಡೆಗೂ ನಡೆದರು. ಸಿದ್ಧರಾಮ, ಮೋಳಿಗೆ ಮಾರಯ್ಯನವರ ಸಾಹಿತ್ಯವನ್ನು ಕೂಡಿಸಿದರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. 'ತಿರುಳ್ಗನ್ನಡದ ತಿರುಕ' ಎಂಬ ಹೆಸರಿನಿಂದ ಜನ ಅವರನ್ನು ಗುರುತಿಸುತ್ತಾರೆ. ಜೋಳಿಗೆ ಹೊತ್ತ ನೀಲಗಾರರನ್ನು ಕಂಡು ಬೆಳೆದ ನಮಗೆ ತಿರುಕನೆಂಬ ಹೆಸರಿನ ಘನತೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯವರು ನಮ್ಮ ಕಾಲದವರೇ ಆದ ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿ 2025ರ ಜನವರಿಯಲ್ಲಿ ತೀರಿಕೊಂಡ ಅವರು ಪಾದ್ರಿಯಲ್ಲ, ಪಂಡಿತನೂ ಅಲ್ಲ. ಲೋಕೋಪಯೋಗಿ ಇಲಾಖೆಯ ನೌಕರ. ಮನೆಯ ಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಶರಾವತಿ ನದಿಗೆ ಅಣೆಕಟ್ಟು ಕಟ್ಟಿದ ಕಾಲದಲ್ಲಿ ಯೋಜನೆಯ ಕಚೇರಿಗಳಲ್ಲಿ ದುಡಿದ ಅವರು ನೀರಿನಡಿ ಹೋದ ಊರುಗಳನ್ನೂ ಊರು ಬಿಟ್ಟ ಜನರನ್ನೂ ಹತ್ತಿರದಿಂದ ಕಂಡರು. 'ಮುಳುಗಡೆ', 'ದ್ವೀಪ' ಮೊದಲಾದ ಕಾದಂಬರಿಗಳು ಆ ಕಾಣುವಿಕೆಯಿಂದ ಬಂದವು. ನೀರು ಏರುತ್ತಿದ್ದಂತೆ ಉಳಿದವರೆಲ್ಲ ಗಂಟುಮೂಟೆ ಕಟ್ಟಿದರೂ ಬೆಟ್ಟ ಬಿಡದೆ ನಿಂತ ಒಂದು ಸಂಸಾರದ ಕತೆ 'ದ್ವೀಪ'. ಗಿರೀಶ್ ಕಾಸರವಳ್ಳಿಯವರು ಅದನ್ನು 2002ರಲ್ಲಿ ಚಲನಚಿತ್ರವಾಗಿಸಿದರು.

'ದ್ವೀಪ'ದ ಸಂಸಾರ ಕ್ರೈಸ್ತರದಲ್ಲ. ಡಿಸೋಜ ಅವರು ಇಗರ್ಜಿಯ ಸುತ್ತಲಿನ ಕುಟುಂಬಗಳನ್ನು ಕುರಿತೂ ಬರೆದಿದ್ದಾರೆ. ಆದರೆ ತಮ್ಮವರನ್ನು ಕುರಿತಷ್ಟೇ ಬರೆಯಬೇಕೆಂದು ಅವರು ಗಡಿ ಹಾಕಿಕೊಳ್ಳಲಿಲ್ಲ. ಇದು ಈ ಲೇಖನದ ಮುಖ್ಯ ಪ್ರಶ್ನೆಗೆ ಸಂಬಂಧಿಸಿದ್ದು. ಕ್ರೈಸ್ತ ಬರಹಗಾರನ ಕರೆಯೆಂದರೆ ಕ್ರೈಸ್ತ ವಿಷಯವನ್ನು ಬರೆಯುವುದು ಎಂದೇ ನಾವು ತಿಳಿದಿರುತ್ತೇವೆ. ಹಾಗಾದರೆ 'ದ್ವೀಪ'ದಲ್ಲಿ ಕ್ರೈಸ್ತವಾದದ್ದು ಏನು? ಶಿಲುಬೆಯ ಹೆಸರಲ್ಲ, ವಾಕ್ಯದ ಉದ್ಧರಣೆಯಲ್ಲ. ಬೆಳಕು ಯಾರಿಗೋ ಬರಲಿಕ್ಕಾಗಿ ಇನ್ನಾರೋ ಮುಳುಗಬೇಕಾದಾಗ ಮುಳುಗುವವರ ಪಕ್ಕದಲ್ಲಿ ನಿಲ್ಲುವ ನಿಲುವು. ಆ ನಿಲುವನ್ನು ಕ್ರೈಸ್ತವೆಂದು ಕರೆಯದೆಯೂ ಓದಬಹುದು. ಕರೆದರೂ ತಪ್ಪಲ್ಲ. ಅಣೆಕಟ್ಟು ಕಟ್ಟಿದ ಇಲಾಖೆಯಲ್ಲಿಯೇ ಅನ್ನ ದುಡಿದು, ಅದೇ ಅಣೆಕಟ್ಟು ಎಬ್ಬಿಸಿದವರ ನೋವನ್ನು ಬರೆದ ಆ ಕಷ್ಟದ ನಡುವೆ ಅವರ ಕರೆ ಇತ್ತು. 2014ರ ಜನವರಿಯಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮಕ್ಕಳಿಗಾಗಿ ಬರೆದ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ದೊಡ್ಡವರಿಗೆ ಹೇಳಿದ ನೋವನ್ನು ಮಕ್ಕಳಿಗೂ ಹೇಳಬೇಕೆಂದುಕೊಂಡ ಬರಹಗಾರ ಅವರು.

ಮುಳುಗಿದ ಊರಿನ ಮಾತು ಬಂದಾಗ ನಮಗೆ ನಮ್ಮ ಬೆಟ್ಟದ ಬುಡ ನೆನಪಾಗದೆ ಇರದು. ದಿಂಬಂ ಘಾಟಿಯ ತಿರುವುಗಳನ್ನು ಇಳಿದು ಸತ್ಯಮಂಗಲದ ಬಯಲಿಗೆ ಹೋದರೆ ಭವಾನಿಸಾಗರದ ಅಣೆಕಟ್ಟು. 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಆ ಅಣೆಕಟ್ಟಿನ ನೀರಿನಡಿ ಹೊಯ್ಸಳರ ಕಾಲದ ನೆನಪು ಹೊತ್ತ ದಣ್ಣಾಯಕನ ಕೋಟೆ ಇದೆ. ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿನ ಗುಡಿಯ ಕಲ್ಲುಗಳು ತಲೆಯೆತ್ತುತ್ತವೆ. ಶರಾವತಿಗೆ ಒಬ್ಬ ಡಿಸೋಜ ಒದಗಿದರು. ಭವಾನಿ ಮೋಯಾರ್‌ಗಳ ಕೂಡಲಿನ ಕತೆಯನ್ನು ಹೇಳುವ ಕೆಲಸ ಯಾರಿಗಾಗಿ ಕಾದಿದೆ?

ಈ ಮೂವರನ್ನು ಜೊತೆಗಿಟ್ಟು ನೋಡಿದಾಗ ಕಾಣುವುದೇನು? ಮೂವರಿಗೂ ಒಂದು ನಿಯಮಿತ ಕೆಲಸವಿತ್ತು. ಇಬ್ಬರಿಗೆ ಬೋಧನೆ, ಒಬ್ಬರಿಗೆ ಸರ್ಕಾರಿ ನೌಕರಿ. ಮೂವರೂ ಆ ಕೆಲಸವನ್ನು ತಿರಸ್ಕರಿಸಲಿಲ್ಲ; ಅದು ತಮ್ಮನ್ನು ಎಲ್ಲಿ ನಿಲ್ಲಿಸಿತೋ ಅಲ್ಲಿಂದಲೇ ನೋಡಿದರು. ಕಿಟ್ಟೆಲ್ ಬೋಧಿಸಲು ಹೋಗಿ ಪದಗಳನ್ನು ಕಂಡರು, ಉತ್ತಂಗಿಯವರು ಊರೂರಿನ ಜನರ ನಡುವೆ ಸರ್ವಜ್ಞನನ್ನು ಕೇಳಿದರು, ಡಿಸೋಜ ಅವರು ಅಣೆಕಟ್ಟಿನ ನೆರಳಿನಲ್ಲಿ ಮುಳುಗಿದವರನ್ನು ಕಂಡರು. ಪೌಲನು ಗುಡಾರ ಹೊಲಿದು ಜೀವನ ನಡೆಸಿದನೆಂಬುದನ್ನು ಇಲ್ಲಿ ನೆನೆಯಬಹುದು. ಸೃಜನಶೀಲ ಕರೆಯೆಂದರೆ ಹೊಟ್ಟೆಪಾಡಿನ ಕೆಲಸವನ್ನು ಬಿಟ್ಟು ಓಡುವುದೆಂಬ ಭ್ರಮೆಯನ್ನು ಈ ಬಾಳುಗಳು ಮುರಿಯುತ್ತವೆ. ಒಂದು ತಲಾಂತನ್ನು ಹೂಳಿದ ಆಳಿನ ತಪ್ಪು ಕಡಿಮೆ ಪಡೆದದ್ದಲ್ಲ, ಹೆದರಿದ್ದು.

ಈ ಮಾತು ತಾಳವಾಡಿಯಲ್ಲಿ ಏಕೆ ಮುಖ್ಯ? 1956ರಲ್ಲಿ ರಾಜ್ಯಗಳು ಭಾಷೆಯ ಆಧಾರದ ಮೇಲೆ ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಮ್ಮ ಬೆಟ್ಟಗಳು ಇಲ್ಲಿಯೇ ಉಳಿದವು. ಗೋವಿಂದ ಪೈಗಳ ಮಂಜೇಶ್ವರವೂ ಅದೇ ವರ್ಷ ಕೇರಳಕ್ಕೆ ಹೋಯಿತು. 2006ರ ಕಾಯ್ದೆಯ ಪ್ರಕಾರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ತಮಿಳು ಕಲಿಯುವುದರಲ್ಲಿ ನಷ್ಟವಿಲ್ಲ. ಕೊಂಕಣಿ ಮನೆಮಾತಿನ ಗೋವಿಂದ ಪೈ ಮತ್ತು ಡಿಸೋಜ ಇಬ್ಬರೂ ಬಹುಭಾಷೆ ಬಡತನವಲ್ಲವೆಂದು ತೋರಿಸಿದ್ದಾರೆ. ನಷ್ಟವಿರುವುದು ಮನೆಯ ಕನ್ನಡಕ್ಕೆ ಭವಿಷ್ಯವಿಲ್ಲವೆಂದು ಮಕ್ಕಳು ತಾವೇ ತೀರ್ಮಾನಿಸುವುದರಲ್ಲಿ. 'ಇಲ್ಲಿ ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ?' ಎಂಬ ಪ್ರಶ್ನೆ ಆಗ ಏಳುತ್ತದೆ. ಅದು ತಲಾಂತನ್ನು ಹೂಳಲು ಗುಂಡಿ ತೋಡುವ ಪ್ರಶ್ನೆ.

ನಮ್ಮ ಸೀಮೆಯ ಕನ್ನಡದಲ್ಲಿ ಕೂಡಿಸಬೇಕಾದ್ದು ಬೇಕಾದಷ್ಟಿದೆ. ರಾಗಿ ಹೊಲದ ಮಾತುಗಳು, ಕಾಡಿನ ಮರಗಿಡಗಳ ಹೆಸರುಗಳು, ಸೋಲಿಗರ ಹಾಡುಗಳು, ಗುಮಟಾಪುರದ ಗೋರೆಹಬ್ಬ, ಅಜ್ಜಿಯರ ಬಾಯ ಗಾದೆಗಳು. ಗಾಜನೂರಿನ ಮುತ್ತುರಾಜ ಈ ಸೀಮೆಯ ಕನ್ನಡವನ್ನು ಹೊತ್ತು ಹೋಗಿ ಡಾ. ರಾಜ್‌ಕುಮಾರ್ ಆಗಿ ನಾಡಿನ ದನಿಯಾದರು. ಇಲ್ಲಿಯ ಮಾತು ಸಣ್ಣದಲ್ಲವೆನ್ನಲು ಬೇರೆ ಸಾಕ್ಷಿ ಬೇಡ. ಕಿಟ್ಟೆಲ್ ಮಾಡಿದ್ದನ್ನು ನಾವು ಒಂದು ಊರಿನ ಮಟ್ಟಿಗೆ ಮಾಡಬಹುದು, ಉತ್ತಂಗಿಯವರು ಮಾಡಿದ್ದನ್ನು ಒಂದು ಮನೆತನದ ಹಾಡುಗಳ ಮಟ್ಟಿಗೆ. ಅದಕ್ಕೆ ಪದವಿ ಬೇಕಾಗಿಲ್ಲ. ಒಂದು ನೋಟ್‌ಬುಕ್ ಬೇಕು, ಕೇಳುವ ತಾಳ್ಮೆ ಬೇಕು.

ಸಭೆಯ ಹಿರಿಯರಿಗೂ ಸಂಘದ ಹಿರಿಯರಿಗೂ ಒಂದು ವಿನಂತಿ. ಬರೆಯುವ ಮಕ್ಕಳನ್ನು 'ಪ್ರಯೋಜನವೇನು?' ಎಂದು ಮೊದಲೇ ಕೇಳಬೇಡಿ. ಕಿಟ್ಟೆಲ್ ಅವರ ಕೆಲಸದ ಪ್ರಯೋಜನ ತಿಳಿಯಲು ಅವರ ಸಭೆಗೂ ಕಾಲ ಬೇಕಾಯಿತು. ಮಕ್ಕಳಿಗೂ ಒಂದು ಮಾತು. ಕರೆ ಸ್ಪಷ್ಟವಾಗಿ ಕೇಳಿಸಲಿ, ಆಮೇಲೆ ಬರೆಯುತ್ತೇನೆಂದು ಕಾಯಬೇಡಿ. ಬರೆದ ಪದ್ಯ ಕೆಟ್ಟದಾಗಿದ್ದರೆ ಅದನ್ನು ಒಪ್ಪಿಕೊಳ್ಳಿ. ಅದರ ಹಿಂದಿನ ಬಾಗಿಲು ಎಲ್ಲಿಗೆ ತೆರೆಯುತ್ತದೆಂದು ನೋಡಿ. ನಿಮ್ಮ ಕೆಲಸ ನಿಮ್ಮ ದೇವರನ್ನು ಪೂಜಿಸದವನಿಗೂ ಉಪಯೋಗಕ್ಕೆ ಬಂದ ದಿನ, ಅದನ್ನು ಕರೆಯೆಂದು ಕರೆಯಲು ಹಿಂಜರಿಯಬೇಕಾಗಿಲ್ಲ.